ಕಾಲೇಜು ರೇಡಿಯೋದ ಹಳೆಯ ಧ್ವನಿಗಳು ಯಾರ ಹತ್ತಿರ ಇವೆ?

ಕೋಥ್ರೂಡ್ ಮೇಷ್ಟ್ರು

ನಮಸ್ಕಾರ. ಪುಣೆ, ಮುಂಬೈ, ಗೋವಾದಲ್ಲಿರುವ ಕನ್ನಡದವರಿಗೆ ಒಂದು ಕೋರಿಕೆ.

ನಾನು ಪಾಠ ಮಾಡುವ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ ಎಫ್‌ಎಂ ಕೇಂದ್ರವೊಂದಿತ್ತು. ಈಗ ಇಲ್ಲ. ಅದರ ಇತಿಹಾಸ ಬರೆಯಲು ಕೂತಿದ್ದೇನೆ. ಅನುಮತಿ ಪತ್ರ ಸಿಕ್ಕಿದೆ, ಟ್ರಾನ್ಸ್‌ಮಿಟರ್ ಕೊಂಡ ರಸೀದಿ ಸಿಕ್ಕಿದೆ, ಉದ್ಘಾಟನೆಯ ಫೋಟೋಗಳ ಆಲ್ಬಂ ಸಿಕ್ಕಿದೆ. ಕಾರ್ಯಕ್ರಮ ಮಾತ್ರ ಒಂದೂ ಸಿಕ್ಕಿಲ್ಲ. ಅಷ್ಟು ವರ್ಷ ಹುಡುಗ ಹುಡುಗಿಯರು ಮಾತಾಡಿದ್ದು, ಹಾಡಿಸಿದ್ದು, ಊರವರನ್ನು ಕರೆದು ಮಾತಾಡಿಸಿದ್ದು, ಯಾವುದೂ ಇಲ್ಲ. ರೇಡಿಯೋ ಕೇಂದ್ರದ ಇತಿಹಾಸವನ್ನು ರಸೀದಿಯಿಂದ ಬರೆಯಲು ಬರುವುದಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1995ರಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಹಕ್ಕಿನ ಮೊಕದ್ದಮೆಯೊಂದರಲ್ಲಿ ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತು. ಸರ್ಕಾರ 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ರೇಡಿಯೋ ನಡೆಸಲು ದಾರಿ ಬಿಟ್ಟಿತು. 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ ಶುರುವಾಯಿತು, ದೇಶದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೋ. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ನಮ್ಮ ಸುತ್ತಮುತ್ತ ಪುಣೆ ವಿದ್ಯಾಪೀಠದ ವಿದ್ಯಾವಾಣಿ 107.4ರಲ್ಲಿ, ಫಿಲ್ಮ್ ಇನ್‌ಸ್ಟಿಟ್ಯೂಟಿನದು 90.4ರಲ್ಲಿ, ಮುಂಬೈ ವಿದ್ಯಾಪೀಠದ ಕಲೀನಾ ಕ್ಯಾಂಪಸ್ಸಿನ ಮಸ್ಟ್ ರೇಡಿಯೋ 107.8ರಲ್ಲಿ ಬಂದವು. ನಮ್ಮದು ಅದೇ ಕಾಲದ್ದು.

ಅನುಮತಿಯ ಕರಾರಿನಲ್ಲಿ ಪ್ರಸಾರವಾದ ಕಾರ್ಯಕ್ರಮಗಳನ್ನು 3 ತಿಂಗಳು ಕಾಪಾಡಬೇಕು ಎಂದಿದೆ. ಅಷ್ಟೇ. ನಾಲ್ಕನೆಯ ತಿಂಗಳು ಹಾರ್ಡ್ ಡಿಸ್ಕ್ ಖಾಲಿ ಮಾಡಿ ಹೊಸದನ್ನು ತುಂಬಿದರೆ ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಆಗಿದ್ದೂ ಅದೇ. ಯಾರ ಹತ್ತಿರವಾದರೂ ಯಾವ ಕಾಲೇಜು ರೇಡಿಯೋದ ಧ್ವನಿಮುದ್ರಣವಾದರೂ ಇದ್ದರೆ ದಯವಿಟ್ಟು ಇಲ್ಲಿ ತಿಳಿಸಿ.

ಗಿರಗಾಂವ್ ಸುಮಕ್ಕ

ಮೇಷ್ಟ್ರೆ, ಇತಿಹಾಸವನ್ನು 2004ರಿಂದ ಶುರು ಮಾಡಬೇಡಿ. ನಮ್ಮ ಮುಂಬೈಯಲ್ಲಿ ವಿದ್ಯಾರ್ಥಿಗಳು ರೇಡಿಯೋ ನಡೆಸಿದ್ದು 1942ರಲ್ಲಿ, ಯಾರ ಅನುಮತಿಯೂ ಇಲ್ಲದೆ.

ಉಷಾ ಮೆಹತಾ ವಿಲ್ಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ ಕಾನೂನು ಓದುತ್ತಿದ್ದವರು. ಕ್ವಿಟ್ ಇಂಡಿಯಾ ಕರೆ ಬಂದಾಗ ವಯಸ್ಸು 22. ಓದು ಬಿಟ್ಟರು. ಜೊತೆಯವರೊಂದಿಗೆ ಸೇರಿ ಗುಪ್ತ ಟ್ರಾನ್ಸ್‌ಮಿಟರ್ ಕಟ್ಟಿಸಿದರು. ಆಗಸ್ಟ್ ತಿಂಗಳಲ್ಲೇ 'ಇದು ಕಾಂಗ್ರೆಸ್ ರೇಡಿಯೋ, 42.34 ಮೀಟರ್‌ನಲ್ಲಿ, ಭಾರತದ ಯಾವುದೋ ಒಂದು ಕಡೆಯಿಂದ' ಎಂಬ ಘೋಷಣೆ ಗಾಳಿಗೆ ಬಂತು. ಆ 'ಯಾವುದೋ ಒಂದು ಕಡೆ' ನಮ್ಮ ಚೌಪಾಟಿ, ಗಿರಗಾಂವ್, ಮಹಾಲಕ್ಷ್ಮಿಯ ಬಾಡಿಗೆ ಮನೆಗಳು. ಪೊಲೀಸರ ವ್ಯಾನು ಬೀದಿ ಬೀದಿ ಸುತ್ತಿ ಸಿಗ್ನಲ್ ಹುಡುಕುತ್ತಿತ್ತು, ಇವರು ಮನೆ ಬದಲಿಸುತ್ತ ಹೋದರು. ಚಿತ್ತಗಾಂಗ್‌ನ ಬಾಂಬ್ ದಾಳಿ, ಜಮ್ಶೆಡ್‌ಪುರದ ಮುಷ್ಕರ, ಅಷ್ಟಿ ಮತ್ತು ಚಿಮೂರಿನ ದೌರ್ಜನ್ಯ, ಪತ್ರಿಕೆಗಳು ಅಚ್ಚು ಹಾಕಲು ಹೆದರುತ್ತಿದ್ದ ಸುದ್ದಿಗಳನ್ನೆಲ್ಲ ಹೇಳಿದರು. ರಾಮಮನೋಹರ ಲೋಹಿಯಾ ಅವರು ಬೆನ್ನಿಗಿದ್ದರು. ನವೆಂಬರ್ 12ರಂದು ಪೊಲೀಸರು ಬಾಗಿಲು ಒಡೆದು ಒಳಗೆ ಬಂದರು. ಉಷಾಬೆನ್‌ಗೆ 4 ವರ್ಷ ಸಜೆ. ಅವರನ್ನಿಟ್ಟದ್ದು ನಿಮ್ಮ ಪುಣೆಯ ಯೆರವಡಾ ಜೈಲಿನಲ್ಲೇ. 1946ರಲ್ಲಿ ಬಿಡುಗಡೆಯಾದ ಮೇಲೆ ಗಾಂಧಿ ವಿಚಾರದ ಬಗ್ಗೆ ಡಾಕ್ಟರೇಟ್ ಮಾಡಿ, ಇದೇ ಊರಿನಲ್ಲಿ ಬಹುಕಾಲ ರಾಜ್ಯಶಾಸ್ತ್ರ ಕಲಿಸಿದರು. 1998ರಲ್ಲಿ ಪದ್ಮವಿಭೂಷಣ ಬಂತು. 2000ದ ಆಗಸ್ಟ್‌ನಲ್ಲಿ ತೀರಿಕೊಂಡರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ರೇಡಿಯೋ ಬದುಕಿದ್ದು ಮೂರೇ ತಿಂಗಳು. ಆದರೂ ಅದು ಏನು ಹೇಳಿತೆಂದು ಇವತ್ತು ಓದಬಹುದು, ಹೇಗೆ? ಪೊಲೀಸರು ಕೂತು ಕೇಳಿ ಬರೆದುಕೊಂಡಿದ್ದರು. ಕೋರ್ಟಿನಲ್ಲಿ ಸಾಕ್ಷಿಗೆ ಬೇಕಾಗಿತ್ತು. ವಿರೋಧಿಗಳು ಬರೆದಿಟ್ಟ ಕಾಗದದಿಂದ ಆ ಮಾತುಗಳು ಉಳಿದವು. ನಿಮ್ಮ ಹುಡುಗರ ಮಾತು ಕಾನೂನು ಪ್ರಕಾರ, ಅನುಮತಿ ಪಡೆದು, ಹಗಲಲ್ಲೇ ಪ್ರಸಾರವಾಗಿ ಪೂರ್ತಿ ಅಳಿಸಿಹೋಯಿತು. ಇದು ನನಗೆ ತುಂಬ ಸಂಕಟದ ವಿಷಯ.

ಚೆಂಬೂರಿನ ಮೈಸೂರಿಗ

ಸುಮಕ್ಕನವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಕಾಲೇಜಿಗೂ ರೇಡಿಯೋಗೂ ನಮ್ಮ ಕನ್ನಡದಲ್ಲೇ ಹಳೆಯ ನಂಟಿದೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಮೊದಲ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ಇವತ್ತು ಒಂದು ಕಾಲೇಜಿಗೆ ಸರ್ಕಾರ ಕೊಡುವ 50 ವ್ಯಾಟಿಗಿಂತ ಕಡಿಮೆ! ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆ ಹೋಯಿತು.

ನಾನು ಹೇಳಬೇಕೆಂದಿರುವುದು ಆ ಕೇಂದ್ರ ಉಳಿದದ್ದು ಹೇಗೆ ಎಂಬುದನ್ನು. ಒಬ್ಬರ ಮನೆಯಲ್ಲಿ, ಒಬ್ಬರ ದುಡ್ಡಿನಲ್ಲಿ ನಡೆಯುತ್ತಿದ್ದದ್ದನ್ನು ನಗರಸಭೆ, ಆಮೇಲೆ ಸಂಸ್ಥಾನ ವಹಿಸಿಕೊಂಡವು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋ ಆಯಿತು. ಉತ್ಸಾಹ ಒಬ್ಬರದ್ದು, ಉಳಿಸಿಕೊಂಡದ್ದು ಇನ್ನೊಬ್ಬರು. ವಿದ್ಯಾರ್ಥಿ ರೇಡಿಯೋಗೆ ಈ ಇನ್ನೊಬ್ಬರು ಬೇಕೇ ಬೇಕು, ಏಕೆಂದರೆ ಮಕ್ಕಳು ಮೂರು ವರ್ಷಕ್ಕೆ ಹೊರಟುಹೋಗುತ್ತಾರೆ.

ಪಿಂಪ್ರಿ ಇಂಜಿನಿಯರ್

ಮೇಷ್ಟ್ರ ಕೇಂದ್ರದಲ್ಲಿ ಅಲ್ಲ, ಬೇರೊಂದು ಕಾಲೇಜಿನ ಕೇಂದ್ರದಲ್ಲಿ ಟ್ರಾನ್ಸ್‌ಮಿಟರ್ ಕೂರಿಸಲು ಹೋಗಿದ್ದವ ನಾನು. ಸ್ವಲ್ಪ ತಾಂತ್ರಿಕ ವಿಷಯ ಹೇಳುತ್ತೇನೆ, ಯಾಕೆಂದರೆ ಅನೇಕರು 'ಆ ರೇಡಿಯೋ ನಮ್ಮ ಮನೆಗೆ ಕೇಳುತ್ತಲೇ ಇರಲಿಲ್ಲ, ಅದಕ್ಕೇ ಮುಚ್ಚಿತು' ಅನ್ನುತ್ತಾರೆ.

ಸಮುದಾಯ ರೇಡಿಯೋಗೆ ಆಂಟೆನಾದಿಂದ ಹೊರಬೀಳುವ ಶಕ್ತಿ (ಟ್ರಾನ್ಸ್‌ಮಿಟರಿನ 50 ವ್ಯಾಟ್ ಬೇರೆ ಲೆಕ್ಕ) ಸಾಮಾನ್ಯವಾಗಿ 100 ವ್ಯಾಟ್ ದಾಟುವಂತಿಲ್ಲ, ಗೋಪುರ 30 ಮೀಟರ್‌ಗಿಂತ ಎತ್ತರ ಇರುವಂತಿಲ್ಲ. ಬಯಲಿನಲ್ಲಿ ಇದು 10ರಿಂದ 15 ಕಿಲೋಮೀಟರ್ ಹೋಗುತ್ತದೆ. ಪುಣೆ ಬಯಲಲ್ಲ. ಎಫ್‌ಎಂ ತರಂಗ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ನೆಟ್ಟಗೆ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಆಚೆ ಕ್ಷೀಣಿಸುತ್ತದೆ. ಕೋಥ್ರೂಡಿನಲ್ಲಿ ಗೋಪುರ ಇಟ್ಟರೆ ವೇತಾಳ ಟೆಕಡಿ ಗುಡ್ಡದ ಆಚೆ ಪಾಷಾಣ್ ಬಡಾವಣೆಯಲ್ಲಿ ಬರೀ ಗೊರಗೊರ. ಮುಂಬೈಯಲ್ಲಿ ಗುಡ್ಡದ ಕೆಲಸವನ್ನು ಟವರ್ ಕಟ್ಟಡಗಳು ಮಾಡುತ್ತವೆ. ಆದ್ದರಿಂದ ಕೇಳುವುದಿಲ್ಲ ಎಂದು ಹುಡುಗರನ್ನು ಬೈಯಬೇಡಿ.

ಮುಖ್ಯ ತೊಡಕು ಬೇರೆ. ಅನುಮತಿ ಸಂಸ್ಥೆಯ ಹೆಸರಿಗೆ ಸಿಗುತ್ತದೆ, ವ್ಯಕ್ತಿಗಳಿಗಾಗಲೀ ವಿದ್ಯಾರ್ಥಿ ಗುಂಪಿಗಾಗಲೀ ಸಿಗುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಇಬ್ಬರು ವಿದ್ಯಾರ್ಥಿಗಳು ಹಾಸ್ಟೆಲ್ ಕೋಣೆಯಿಂದ ಕೋಣೆಗೆ ತಂತಿ ಎಳೆದು ಪ್ರಸಾರ ಶುರು ಮಾಡಿದರು. ವಿದ್ಯಾರ್ಥಿಗಳೇ ನಡೆಸಿದ ಕಾಲೇಜು ರೇಡಿಯೋದ ಹಳೆಯ ಕಥೆಗಳಲ್ಲಿ ಅದೂ ಒಂದು. ಮುಂದೆ ಅದು ಡಬ್ಲ್ಯೂಬಿಆರ್‌ಯು ಎಂಬ ದೊಡ್ಡ ಎಫ್‌ಎಂ ಕೇಂದ್ರವಾಯಿತು, ಅದರ ಲೈಸೆನ್ಸು ವಿಶ್ವವಿದ್ಯಾಲಯದ ಕೈಯಲ್ಲಿರದೆ ವಿದ್ಯಾರ್ಥಿಗಳೇ ನಡೆಸುವ ಪ್ರತ್ಯೇಕ ಸಂಸ್ಥೆಯ ಕೈಯಲ್ಲಿತ್ತು. 2017ರಲ್ಲಿ ಆ ತರಂಗಾಂತರ ಮಾರಿದ್ದೂ ಅದೇ ಸಂಸ್ಥೆ. ಸರಿಯೋ ತಪ್ಪೋ, ಮಾರುವ ತೀರ್ಮಾನ ಅವರದ್ದಾಗಿತ್ತು. ನಮ್ಮಲ್ಲಿ ಪ್ರಿನ್ಸಿಪಾಲ್ ಬದಲಾದರೆ ರೇಡಿಯೋದ ಹಣೆಬರಹ ಬದಲಾಗುತ್ತದೆ.

ಹಿಂಜೆವಾಡಿ ಹುಡುಗ

ಎಲ್ಲರಿಗೂ ಗೌರವ ಇಟ್ಟುಕೊಂಡೇ ಕೇಳುತ್ತಿದ್ದೇನೆ. ಈಗ ಫೋನಿನಲ್ಲೇ ಪಾಡ್‌ಕಾಸ್ಟ್ ಮಾಡಿ ಇಡೀ ಜಗತ್ತಿಗೆ ಕೇಳಿಸಬಹುದು. ಸ್ವಂತವಾಗಿ ಸುದ್ದಿ ಹೇಳಬಾರದು, ರಾಜಕೀಯ ಮಾತಾಡಬಾರದು, ಜಾಹೀರಾತಿಗೆ ಮಿತಿ, ಇಷ್ಟೆಲ್ಲ ಕಟ್ಟುಪಾಡಿನ 50 ವ್ಯಾಟಿನ ರೇಡಿಯೋ ಯಾಕೆ ಬೇಕಿತ್ತು? ಅದರ ಹಳೆಯ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಸಿನಿಮಾ ಹಾಡು, ಹುಟ್ಟುಹಬ್ಬದ ಶುಭಾಶಯ ಇರಬಹುದು. ಎಲ್ಲವನ್ನೂ ಕಾಪಾಡುವುದರಲ್ಲಿ ಏನಿದೆ?

2010ರ ಬ್ಯಾಚು

ಮೇಷ್ಟ್ರೆ, ನಾನು ನಿಮ್ಮ ಕಾಲೇಜಿನವಳೇ. ನೀವು ಬರುವ ಮೊದಲೇ ಪಾಸಾಗಿ ಹೋದವಳು. ಆ ಕೋಣೆಯಲ್ಲಿ ಎರಡು ವರ್ಷ ಕೂತಿದ್ದೇನೆ.

ಹಿಂಜೆವಾಡಿಯವರು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಸಿನಿಮಾ ಹಾಡು ಹಾಕುತ್ತಿದ್ದೆವು, ನಿಜ. ಪರೀಕ್ಷೆ ಹತ್ತಿರ ಬಂದಾಗ ಎರಡು ವಾರ ಹಳೆಯದನ್ನೇ ಮತ್ತೆ ಮತ್ತೆ ಪ್ರಸಾರ ಮಾಡಿದ್ದೂ ನಿಜ. ಆದರೆ ನಮ್ಮ ಕ್ಯಾಂಪಸ್ಸಿನ ಹಿಂದೆ ಆಗ ದೊಡ್ಡ ಕಟ್ಟಡ ಏಳುತ್ತಿತ್ತು. ಗಾರೆ ಕೆಲಸಕ್ಕೆ ಬಂದವರು ಹೆಚ್ಚಾಗಿ ವಿಜಯಪುರ, ಕಲಬುರಗಿ ಕಡೆಯವರು. ತಗಡಿನ ಶೆಡ್ಡುಗಳಲ್ಲಿ ಇದ್ದರು. ಅವರ ಫೋನಿನಲ್ಲಿ ಇಂಟರ್ನೆಟ್ ಇರಲಿಲ್ಲ, ಎಫ್‌ಎಂ ಇತ್ತು. ಇಯರ್‌ಫೋನಿನ ತಂತಿಯೇ ಆಂಟೆನಾ. ತಂತಿ ಸಿಕ್ಕಿಸಿ ಲೌಡ್‌ಸ್ಪೀಕರ್ ಒತ್ತಿದರೆ ಶೆಡ್ಡಿನವರೆಲ್ಲ ಕೇಳಬಹುದಿತ್ತು, ಒಂದು ಪೈಸೆ ಖರ್ಚಿಲ್ಲ.

ನಾವು ಕನ್ನಡ ಬರುವ ನಾಲ್ಕು ಜನ ಸೇರಿ ವಾರಕ್ಕೆ ಅರ್ಧ ಗಂಟೆ ಕೇಳಿ ಪಡೆದೆವು. ಮೊದಲು ಸರ್ಕಾರಿ ಯೋಜನೆ ಅದು ಇದು ಅಂತ ಓದಿದೆವು, ಯಾರೂ ಕೇಳಲಿಲ್ಲ. ಆಮೇಲೆ ರೆಕಾರ್ಡರ್ ಹಿಡಿದು ಶೆಡ್ಡಿಗೆ ಹೋದೆವು. ಆಗ ಕಾರ್ಯಕ್ರಮಕ್ಕೆ ಜೀವ ಬಂತು. ಕೂಲಿ ಲೆಕ್ಕ ಹೇಗೆ ಇಟ್ಟುಕೊಳ್ಳಬೇಕು, ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕು, ಊರಿಗೆ ಹೋಗುವ ಬಸ್ಸು ಸ್ವಾರಗೇಟಿನಿಂದ ಎಷ್ಟು ಹೊತ್ತಿಗೆ, ಇವೆಲ್ಲ ಅವರೇ ಕೇಳಿ ಅವರೇ ಉತ್ತರ ಹೇಳುತ್ತಿದ್ದರು. ಹೆಂಗಸರು ಬೀಸುವ ಪದ ಹಾಡಿದರು, ಗಂಡಸರು ಹಂತಿ ಪದ ಹಾಡಿದರು. ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು, ಮಗು ಅಳುವುದು ಎಲ್ಲ ಸೇರಿರುತ್ತಿತ್ತು. ಎಡಿಟ್ ಮಾಡಲು ಕೂತಾಗ ನಮಗೆ ಆ ಸದ್ದು ತೆಗೆಯಲು ಮನಸ್ಸಾಗುತ್ತಿರಲಿಲ್ಲ.

ನಮ್ಮ ಬ್ಯಾಚು ಮುಗಿಯಿತು. ಮುಂದಿನ ವರ್ಷ ಕನ್ನಡ ಬರುವವರು ಯಾರೂ ತಂಡದಲ್ಲಿ ಇರಲಿಲ್ಲ. ಅರ್ಧ ಗಂಟೆ ನಿಂತಿತು. ಯಾರೂ ನಿಲ್ಲಿಸಲಿಲ್ಲ, ನಿಂತಿತು. ಮುಂದೆ ಕೇಂದ್ರವೂ ಹಾಗೆಯೇ ನಿಂತಿರಬೇಕು.

ನನ್ನ ಹತ್ತಿರ ಕೆಲವು ಸಿಡಿಗಳಿವೆ. ಮನೆ ಬದಲಿಸಿದಾಗಲೆಲ್ಲ ಜೊತೆಗೇ ಬಂದಿವೆ. ಈಗಿನ ಲ್ಯಾಪ್‌ಟಾಪಿನಲ್ಲಿ ಹಾಕಲು ಜಾಗವೇ ಇಲ್ಲದ್ದರಿಂದ ತೆರೆದು ನೋಡಿಲ್ಲ.

ಇಂಡಿ ತಾಲೂಕಿನವ

ಅಕ್ಕಾರ, ನಿಮ್ಮ ಬರಹ ಓದಿ ಕೈ ನಡಗಾಕತ್ತಾವ. ಆ ಶೆಡ್ಡಿನ್ಯಾಗ ಇದ್ದವರು ನಾವ. ನಾ ಆವಾಗ ಆರನೇತ್ತೆ ಇದ್ದೆ. ಈಗ ಚಾಕಣದಾಗ ಕಂಪನಿಯೊಳಗ ಕೆಲಸ ಮಾಡತೀನಿ.

ಬುಧವಾರ ಸಂಜಿಗೆ ಬರತಿತ್ತು ರೀ ಅದು. ನಮ್ಮಪ್ಪನ ಫೋನು ಇಟಂಗಿ ಮ್ಯಾಲ ಇಟ್ಟು ಎಲ್ಲಾರೂ ಸುತ್ತ ಕುಂದರತಿದ್ವಿ. ರಾತ್ರಿ ಆದರ ಧಾರವಾಡ ಆಕಾಶವಾಣಿ ಹಿಡಿಯಾಕ ನೋಡತಿದ್ದರು ಬೇರೇದವರು, ಅದರ ಸಲುವಾಗಿ ದೊಡ್ಡ ರೇಡಿಯೋ ಬೇಕಾಗತಿತ್ತು. ನಿಮ್ಮದು ಫೋನಿನ್ಯಾಗ ಬರತಿತ್ತು. ನಮ್ಮವ್ವ ಬೀಸೂ ಪದಾ ಹಾಡ್ಯಾಳ ಅದರಾಗ. ತನ್ನ ದನಿ ತಾನ ಕೇಳಿ ಸೆರಗು ಬಾಯಿಗೆ ಹಿಡಕೊಂಡು ಕುಂತಿದ್ದು ನನಗ ಇವತ್ತಿಗೂ ನೆನಪೈತಿ. ಅವ್ವ ಈಗ ಊರಾಗ ಅದಾಳ, ಹಲ್ಲು ಹೋಗ್ಯಾವ, ಹಾಡು ಅಂದರ ಮೊದಲಿನಂಗ ಬರೂದಿಲ್ಲ. ನನ್ನ ಮಗಳಿಗೆ ಕೇಳಸಬೇಕಂತ ಭಾಳ ಆಸೆ ಐತಿ. ಆ ಸಿಡಿಯೊಳಗ ಇರತೈತೇನ್ರೀ?

ಹಿಂಜೆವಾಡಿ ತಮ್ಮಗ ಒಂದ ಮಾತು. ಇಡೀ ಜಗತ್ತಿಗೆ ಕೇಳಸೂದು ಬ್ಯಾರೆ, ಬಾಜೂಕಿನ ಶೆಡ್ಡಿಗೆ ಕೇಳಸೂದು ಬ್ಯಾರೆ. ನಮಗ ಬೇಕಾಗಿದ್ದು ಬಾಜೂಕಿನದು.

ಹಿಂಜೆವಾಡಿ ಹುಡುಗ

ಅಣ್ಣಾ, ನಿಮ್ಮ ಮಾತು ಓದಿದ ಮೇಲೆ ನನ್ನ ಪ್ರಶ್ನೆ ಬದಲಾಗಿದೆ. ನನ್ನ ಹತ್ತಿರ ಹೊರಗಿನಿಂದ ಜೋಡಿಸುವ ಸಿಡಿ ಡ್ರೈವ್ ಇದೆ. 2010ರ ಬ್ಯಾಚಿನ ಅಕ್ಕ ಎಲ್ಲಿಗೆ ಹೇಳಿದರೂ ತಂದುಕೊಡುತ್ತೇನೆ.

ವಾಸ್ಕೋದಿಂದ

ಗೋವಾದ ಕಡೆಯಿಂದ ಒಂದು ವಿಷಯ. ಪೋರ್ಚುಗೀಸರ ವಿರುದ್ಧ ನಡೆದ ಗುಪ್ತ ರೇಡಿಯೋ ನಮ್ಮ ಕರ್ನಾಟಕದ ಕಾಡಿನಿಂದಲೂ ಮಾತಾಡಿದೆ. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ 1955ರ ನವೆಂಬರ್ 25ರಂದು ಸ್ವಾತಂತ್ರ್ಯದ ದನಿ ಎಂಬ ಕೇಂದ್ರ ಶುರು ಮಾಡಿದರು. ಮೊದಲು ಮಹಾರಾಷ್ಟ್ರದ ಅಂಬೋಲಿಯ ಕಾಡು, ಆಮೇಲೆ ನಮ್ಮ ಕರ್ನಾಟಕದ ಕ್ಯಾಸಲ್ ರಾಕ್. ಕೊಂಕಣಿಯಲ್ಲೂ ಪೋರ್ಚುಗೀಸ್‌ನಲ್ಲೂ ಮಾತಾಡುತ್ತಿದ್ದರು. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆ ಆದಾಗ ವಿಮಾನದಲ್ಲಿ ಕೂತು ಲೌಡ್‌ಸ್ಪೀಕರಿನಿಂದ ಆ ಸುದ್ದಿಯನ್ನು ಊರಿಗೆ ಸಾರಿದವರೂ ಇವರೇ. ಲಿಬಿಯಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ನೂರರ ಹೊಸ್ತಿಲು ದಾಟಿದ ವಯಸ್ಸಿನಲ್ಲಿ.

ಲೋಂಡಾದಿಂದ ರೈಲು ಘಾಟಿ ಇಳಿಯುವಾಗ ಕ್ಯಾಸಲ್ ರಾಕ್ ನಿಲ್ದಾಣದಲ್ಲಿ ಸಾವಿರ ಜನ ದೂಧಸಾಗರದ ಫೋಟೋಕ್ಕೆ ಕ್ಯಾಮೆರಾ ತಯಾರು ಮಾಡಿಕೊಳ್ಳುತ್ತಾರೆ. ಆ ಕಾಡಿನಿಂದ ಒಂದು ಹೆಣ್ಣುದನಿ ವರ್ಷಗಟ್ಟಲೆ ಗೋವಾಕ್ಕೆ ಕೇಳಿಸುತ್ತಿತ್ತು ಎಂದು ಪಕ್ಕದ ಸೀಟಿನವರಿಗೆ ನಾನು ಪ್ರತಿಸಲ ಹೇಳುತ್ತೇನೆ.

ಗಿರಗಾಂವ್ ಸುಮಕ್ಕ

ಸಿಡಿ ತೆರೆಯುವ ಮೊದಲು ಒಂದು ಮಾತು. ಆ ಧ್ವನಿಗಳು ಕಾಲೇಜಿನ ಸ್ವತ್ತಲ್ಲ, ರೆಕಾರ್ಡ್ ಮಾಡಿದವರ ಸ್ವತ್ತೂ ಅಲ್ಲ. ಕೂಲಿ ಬಾಕಿ ಇಟ್ಟ ಗುತ್ತಿಗೆದಾರನ ಹೆಸರು ಯಾರೋ ಹೇಳಿರಬಹುದು, ಮನೆಯ ಕಷ್ಟ ಹೇಳಿಕೊಂಡಿರಬಹುದು. ಆ ದಿನ ಅದು ಹತ್ತು ಕಿಲೋಮೀಟರಿನೊಳಗೆ ಕೇಳಿ ಮುಗಿಯುವ ಮಾತು ಎಂದುಕೊಂಡು ಹೇಳಿದ್ದು. ಅದನ್ನು ಯೂಟ್ಯೂಬಿಗೆ ಹಾಕಿದರೆ ಮಾತೇ ಬೇರೆಯಾಗುತ್ತದೆ. ಹಾಡಿದವರನ್ನು, ಮಾತಾಡಿದವರನ್ನು ಹುಡುಕಿ ಕೇಳಬೇಕು. ಸಿಗದವರ ದನಿ ಕಾಪಾಡೋಣ, ಹೊರಗೆ ಹಾಕುವುದು ಬೇಡ.

2010ರ ಬ್ಯಾಚು

ಸುಮಕ್ಕ, ಒಪ್ಪಿದೆ. ನಾವು ಆಗ ಹೆಸರು ಮತ್ತು ಊರು ಮಾತ್ರ ಕೇಳಿ ಬರೆದುಕೊಳ್ಳುತ್ತಿದ್ದೆವು. ಇಂಡಿಯ ತಮ್ಮಾ, ಅವ್ವನ ಹತ್ತಿರ ಮೊದಲು ಕೇಳಿ. ಅವರ ಹಾಡು ಇದ್ದರೆ ಮೊದಲ ಪ್ರತಿ ಅವರಿಗೇ.

ಇಂಡಿ ತಾಲೂಕಿನವ

ಫೋನ್ ಹಚ್ಚಿ ಕೇಳಿದೆ ರೀ ಅಕ್ಕಾರ. 'ಹಾಡು ಎಲ್ಲಾರೂ ಕೇಳಲಿ, ನನ್ನ ಹೆಸರೂ ಹೇಳ್ರಿ' ಅಂದಳು. ಆಕಿ ಜೋಡಿ ಹಾಡಿದ ಇನ್ನಿಬ್ಬರು ಸಿಂದಗಿ ಕಡೆ ಅದಾರಂತ. ಅವರನ್ನ ನಾ ಹುಡಕತೀನಿ.

ಪಿಂಪ್ರಿ ಇಂಜಿನಿಯರ್

ಸಿಡಿಯ ಕೆಲಸ ನನಗೆ ಬಿಡಿ. ಮನೆಯಲ್ಲಿ ಬರೆದ ಸಿಡಿಗಳು ಅಂಗಡಿಯಲ್ಲಿ ಸಿಗುವ ಹಾಡಿನ ಸಿಡಿಗಳಂತಲ್ಲ, ಅವುಗಳಲ್ಲಿರುವುದು ಬಣ್ಣದ ಪದರ. ಬಿಸಿಲು, ಸೆಖೆಗೆ ಅದು ಹಾಳಾಗುತ್ತದೆ. ಅಕ್ಕ, ಬಟ್ಟೆಯಿಂದ ಒರೆಸುವುದಾದರೆ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಿ ಸುತ್ತಿ ಒರೆಸಬೇಡಿ. ಮೊದಲ ಸಲ ಓದಿಸುವಾಗಲೇ ಪೂರ್ತಿ ನಕಲು ತೆಗೆಯೋಣ, ಸುಮ್ಮನೆ ಹಾಕಿ ಕೇಳುತ್ತ ಕೂರುವುದು ಬೇಡ. ಎರಡನೇ ಸಲ ಅದು ಓದುತ್ತದೆ ಎಂಬ ನಂಬಿಕೆ ಇಲ್ಲ.

ಆಡಿಯೋ ಸಿಡಿ ಆಗಿದ್ದರೆ ವೇವ್ ಫೈಲಾಗಿ ತೆಗೆಯುತ್ತೇನೆ. ಒಂದು ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ, ಇವತ್ತಿನ ದಿನಕ್ಕೆ ಅದು ದೊಡ್ಡದೇನಲ್ಲ. ಎಂಪಿ3 ಇದ್ದರೆ ಹಾಗೆಯೇ ಇಡೋಣ, ಬದಲಿಸಿದರೆ ಗುಣಮಟ್ಟ ಹೆಚ್ಚುವುದಿಲ್ಲ. ಪ್ರತಿ ಫೈಲಿನ ಹೆಸರಿನಲ್ಲಿ ದಿನಾಂಕ, ಕಾರ್ಯಕ್ರಮ, ಮಾತಾಡಿದವರ ಊರು ಇರಲಿ. ಮಿಕ್ಸರಿನ ಸದ್ದು ತೆಗೆಯುವುದು ಬೇಡ ಎಂದು ಅಕ್ಕ ಅಂದರಲ್ಲ, ಅದು ಸರಿ. ಮೂಲ ಹೇಗಿದೆಯೋ ಹಾಗೇ ಉಳಿಯಲಿ.

ಕೋಥ್ರೂಡ್ ಮೇಷ್ಟ್ರು

ಎಲ್ಲರಿಗೂ ಶರಣು. ಮೂರು ಪ್ರತಿ ಮಾಡೋಣ. ಒಂದು ಕಾಲೇಜಿನ ಗ್ರಂಥಾಲಯಕ್ಕೆ, ಪುಸ್ತಕಗಳಂತೆಯೇ ನಂಬರು ಹಾಕಿಸಿ ರಿಜಿಸ್ಟರಿನಲ್ಲಿ ಬರೆಸುತ್ತೇನೆ. ರಿಜಿಸ್ಟರಿಗೆ ಹತ್ತಿದ್ದನ್ನು ಯಾರೂ ಸುಲಭವಾಗಿ ಎಸೆಯುವುದಿಲ್ಲ. ಇನ್ನೊಂದು 2010ರ ಬ್ಯಾಚಿನವರ ಹತ್ತಿರ. ಮೂರನೆಯದು ಇಂಡಿಗೆ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರ್ವೆ ರಸ್ತೆಯ ನಮ್ಮ ಮನೆಯಲ್ಲಿ ಸೇರೋಣ, ವಿಳಾಸವನ್ನು ಒಬ್ಬೊಬ್ಬರಿಗೇ ಕಳಿಸುತ್ತೇನೆ. ಹಿಂಜೆವಾಡಿಯವರು ಡ್ರೈವ್ ತರಲಿ. ಬೇರೆ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಹಳೆಯ ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಕ್ಯಾಸೆಟ್ಟು ಏನಿದ್ದರೂ ತನ್ನಿ. ಮರಾಠಿ, ಹಿಂದಿ ಕಾರ್ಯಕ್ರಮ ಮಾಡಿದವರಿಗೂ ದಯವಿಟ್ಟು ಹೇಳಿ, ಆ ಕೋಣೆಯಲ್ಲಿ ಅವರೇ ಹೆಚ್ಚು ಜನ ಇದ್ದವರು.

ಹಿಂಜೆವಾಡಿ ಹುಡುಗ

ಬರುತ್ತೇನೆ ಸರ್. ಯುಎಸ್‌ಬಿ ಕೇಬಲ್ ಎರಡು ತರುತ್ತೇನೆ, ಒಂದು ಸರಿಯಾಗಿ ಕೂರುವುದಿಲ್ಲ.